ಅನಿರೀಕ್ಷಿತ ನಡೆಯ ನ್ಯಾಯಾನ್ಯಾಯ

ಎದುರಾಳಿಯು ಊಹಿಸಿಯೂ ಇರದ ನಡೆಯೊಂದನ್ನು ನಡೆಸಿ ಪಂದ್ಯವನ್ನು ಗೆದ್ದವನನ್ನು ಜಾಣನೆನ್ನಬೇಕೋ, ಕಪಟಿಯೆನ್ನಬೇಕೋ ಎಂಬ ಪ್ರಶ್ನೆ ಬಹು ಹಳೆಯದು. ಅವನು ನಿಯಮವನ್ನು ಮುರಿದಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಅಪರಾಧವೆಂದು ಹೇಳಿ ಮುಂದೆ ಹೋಗಬಹುದು. ನಿಯಮದ ಒಂದಕ್ಷರವನ್ನೂ ಮೀರದೆ, ಆದರೆ ನಿಯಮವನ್ನು ಬರೆದವನ ಕನಸಿನಲ್ಲಿಯೂ ಇರದಿದ್ದ ದಾರಿಯಲ್ಲಿ ನಡೆದು ಗೆದ್ದಾಗ ಮಾತ್ರ ವಿಚಾರ ಕಠಿಣವಾಗುತ್ತದೆ. ‘ಅವನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ’ ಎಂಬ ಗಾದೆಯನ್ನು ವ್ಯವಹಾರಸ್ಥರು ಒಮ್ಮೊಮ್ಮೆ ಮೆಚ್ಚಿ ಆಡುತ್ತಾರೆ, ಒಮ್ಮೊಮ್ಮೆ ಹೇಸಿ ಆಡುತ್ತಾರೆ. ಯಾವಾಗ ಮೆಚ್ಚಬೇಕು, ಯಾವಾಗ ಹೇಸಬೇಕು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಈ ವಿಚಾರವನ್ನು ಪೇಟೆಯ ಅಥವಾ ನ್ಯಾಯಾಲಯದ ದೃಷ್ಟಾಂತಗಳಿಂದ ಪರಿಶೀಲಿಸಹೊರಟರೆ ಹಣ, ಹಗೆ, ಪಕ್ಷಪಾತಗಳು ನಡುವೆ ಬಂದು ತಲೆ ಕೆಡಿಸುತ್ತವೆ. ಹಣದ ಲಾಭವಿಲ್ಲದ, ದ್ವೇಷಕ್ಕೆ ಅವಕಾಶ ಕಡಮೆಯಿರುವ ಸ್ಪರ್ಧೆಯೊಂದು ದೊರೆತರೆ ಪರಿಶೀಲನೆ ಸುಲಭ. ಅಂತಹುದೊಂದು ಅಮೆರಿಕದ ಶಾಲಾ ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆ. ನಮ್ಮ ಮನೆಗಳ ಹಿರಿಯರಿಗೆ ಇದು ದೂರದ ವಿಷಯವೆನಿಸಬಹುದು. ಮೊಮ್ಮಕ್ಕಳಿಗೆ ಅಷ್ಟು ದೂರದ್ದಲ್ಲ.

ಸಂಶೋಧಕ ಡೀನ್ ಕೇಮನ್ ಅವರು 1989ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದ ಒಂದು ಪ್ರೌಢಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ಅದರ ಮೊದಲ ಸ್ಪರ್ಧೆ ನಡೆಯಿತು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, ವಿದ್ಯಾರ್ಥಿಗಳಿಂದ ಯಂತ್ರಗಳನ್ನು ಕಟ್ಟಿಸಿ ಸ್ಪರ್ಧೆಗಿಳಿಸುವ ಪಾಠಕ್ರಮಕ್ಕೆ ಪ್ರಸಿದ್ಧರಾಗಿದ್ದ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅವರು ಇದಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರು. ರೋಬಾಟ್ ಎಂದೊಡನೆ ಕೈಕಾಲುಗಳುಳ್ಳ ಲೋಹದ ಮನುಷ್ಯನನ್ನು ಊಹಿಸಿಕೊಳ್ಳಬೇಕಾಗಿಲ್ಲ. ಇಲ್ಲಿಯ ಯಂತ್ರಗಳು ಚಕ್ರಗಳ ಮೇಲೆ ಓಡುವ, ತೋಳೋ ಕೊಕ್ಕೆಯೋ ಇರುವ, ಐವತ್ತು ಅರವತ್ತು ಕಿಲೋ ತೂಗುವ ಗಾಡಿಗಳು. ಪ್ರತಿ ವರ್ಷ ಜನವರಿಯಲ್ಲಿ ಹೊಸ ಆಟವನ್ನು, ಅದರ ನಿಯಮಗಳ ದಪ್ಪ ಕೈಪಿಡಿಯನ್ನು, ಎಲ್ಲ ತಂಡಗಳಿಗೂ ಒಂದೇ ದಿನ ಪ್ರಕಟಿಸುತ್ತಾರೆ. 2019ರವರೆಗೆ, ಸುಮಾರು ಆರು ವಾರಗಳಲ್ಲಿ ಯಂತ್ರವನ್ನು ಕಟ್ಟಿ ಮುಗಿಸಿ ಅದನ್ನು ಸ್ಪರ್ಧೆಗೆ ಕಳುಹಿಸಿಕೊಡಬೇಕು ಅಥವಾ ಚೀಲದಲ್ಲಿ ಮುದ್ರೆ ಹಾಕಿ ಇಡಬೇಕು ಎಂಬ ಕಟ್ಟುಪಾಡಿತ್ತು.

ಇನ್ನೊಂದು ವಿಶೇಷ. ಪ್ರಾಥಮಿಕ ಪಂದ್ಯಗಳಲ್ಲಿ ತಂಡಗಳು ಒಂಟಿಯಾಗಿ ಆಡುವುದಿಲ್ಲ. ಎರಡೋ ಮೂರೋ ತಂಡಗಳ ಕೂಟವನ್ನು ಆಯೋಜಕರ ವೇಳಾಪಟ್ಟಿಯೇ ಗೊತ್ತುಮಾಡುತ್ತದೆ. ಬೆಳಗ್ಗೆ ಜೊತೆಗಾರನಾಗಿದ್ದವನು ಮಧ್ಯಾಹ್ನ ಎದುರಾಳಿಯಾಗುತ್ತಾನೆ. ಎದುರಾಳಿಯ ಯಂತ್ರದ ಪಟ್ಟಿ ಹರಿದರೆ ತನ್ನ ಪೆಟ್ಟಿಗೆಯಿಂದ ಪಟ್ಟಿ ಕೊಡುವುದು ಅಲ್ಲಿ ಲೋಕಾರೂಢಿ. ಪೂರ್ಣಬಲದಿಂದ ಆಡಬೇಕು, ಆದರೆ ಎದುರಾಳಿಯ ಗೌರವಕ್ಕೆ ಕುಂದು ತರಬಾರದು ಎಂಬ ಈ ನಡತೆಗೆ ಫ್ಲವರ್ಸ್ ಅವರು ಒಂದು ಹೆಸರನ್ನೇ ಕೊಟ್ಟಿದ್ದರು. ಕನ್ನಡದಲ್ಲಿ ಅದನ್ನು ಸೌಜನ್ಯಯುತ ವೃತ್ತಿಧರ್ಮ ಎನ್ನಬಹುದು. ಇಂತಹ ವಾತಾವರಣದಲ್ಲಿಯೂ ನಮ್ಮ ಪ್ರಶ್ನೆ ಮತ್ತೆ ಮತ್ತೆ ಎದ್ದಿರುವುದೇ ವಿಚಾರಾರ್ಹ.

2002ರ ಆಟದಲ್ಲಿ ಕಾರ್ಪೆಟ್ ಹಾಸಿದ ಅಂಕಣವನ್ನು ಐದು ವಲಯಗಳಾಗಿ ವಿಭಾಗಿಸಿ, ನಡುವೆ ಚಕ್ರಗಳುಳ್ಳ ಮೂರು ಭಾರವಾದ ಗೋಲುಗಳನ್ನು ಇಟ್ಟಿದ್ದರು. ಎರಡು ನಿಮಿಷ ಮುಗಿದಾಗ ಯಾವ ಕೂಟದ ವಲಯದಲ್ಲಿ ಗೋಲುಗಳು ನಿಂತಿರುತ್ತವೆಯೋ ಆ ಕೂಟಕ್ಕೆ ಅಂಕ. ಗೋಲುಗಳೊಳಗಿನ ಚೆಂಡುಗಳಿಗೆ ಬೇರೆ ಅಂಕ. ನೂರಾರು ತಂಡಗಳು ಸಹಜವಾಗಿಯೇ ಎಳೆದಾಟಕ್ಕೆ ಸಿದ್ಧವಾದವು: ಬಲವಾದ ಮೋಟಾರು, ಹಿಡಿತವುಳ್ಳ ಚಕ್ರ, ಒಂದು ಗೋಲಿಗೆ ಕೊಕ್ಕೆ. ಇಂಡಿಯಾನಾ ರಾಜ್ಯದ ಹ್ಯಾಮಂಡ್ ಊರಿನ 71ನೆಯ ಸಂಖ್ಯೆಯ ತಂಡ ಬೇರೊಂದು ಬಗೆಯಲ್ಲಿ ಯೋಚಿಸಿತ್ತು. ಅದರ ಯಂತ್ರ ಚಕ್ರಗಳ ಮೇಲೆ ಓಡಿಹೋಗಿ ಗೋಲುಗಳನ್ನು ಹಿಡಿಯುತ್ತಿತ್ತು, ಸಾಧ್ಯವಾದಾಗ ಮೂರನ್ನೂ. ಅನಂತರ ಚಕ್ರಗಳನ್ನು ಬಿಟ್ಟು ಪಾದಗಳನ್ನು ಕೆಳಗಿಳಿಸುತ್ತಿತ್ತು. ಆ ಪಾದಗಳ ಅಡಿಯಲ್ಲಿದ್ದುದು ಕಮ್ಮಾರಸಾಲೆಯಲ್ಲಿ ಅರದ ಹಲ್ಲುಗಳ ನಡುವಣ ಲೋಹದ ಪುಡಿಯನ್ನು ತೆಗೆಯಲು ಬಳಸುವ, ಗಿಡ್ಡ ಉಕ್ಕಿನ ತಂತಿಗಳ ಬ್ರಷ್ಷು. ತಂತಿಗಳು ಕಾರ್ಪೆಟ್ಟಿನ ನೂಲಿನಲ್ಲಿ ಇಳಿದು ಕಚ್ಚಿಕೊಂಡವು. ಯಂತ್ರ ಇಂಚು ಇಂಚಾಗಿ, ಆಮೆಯ ಹೆಜ್ಜೆಯಲ್ಲಿ, ಗೋಲುಗಳನ್ನೂ ಅವಕ್ಕೆ ಅಂಟಿಕೊಂಡ ಎದುರಾಳಿಗಳನ್ನೂ ಎಳೆದುಕೊಂಡು ತನ್ನ ವಲಯದ ಕಡೆಗೆ ನಡೆಯಿತು. ಚಕ್ರಗಳು ಜಾರಿ ತಿರುಗುತ್ತಿದ್ದವೇ ವಿನಾ ಅದನ್ನು ತಡೆಯಲಾಗುತ್ತಿರಲಿಲ್ಲ. ಆ ವರ್ಷ ಫ್ಲಾರಿಡಾದಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಗೆದ್ದ ಕೂಟದಲ್ಲಿ ಈ ತಂಡವಿತ್ತು.

ಮುಂದಿನ ವರ್ಷಗಳ ಕೈಪಿಡಿಗಳು ಹಾಸನ್ನು ಕೆಡಿಸಬಲ್ಲ ಲೋಹದ ಮೊಳೆ, ಹಲ್ಲು, ಉಪ್ಪುಕಾಗದದಂತಹ ಹಿಡಿತಗಳನ್ನು ನಿಷೇಧಿಸಿದವು. ನಿಷೇಧ ಬಂದಿತೆಂದರೆ 2002ರ ಗೆಲುವು ಕಳಂಕಿತವೆಂದು ಅರ್ಥವೇ? ಅನೇಕರು ಹಾಗೆಯೇ ತರ್ಕಿಸುತ್ತಾರೆ. ಈ ತರ್ಕ ದುರ್ಬಲವಾದುದು. ನಾಳೆ ಬರುವ ಕಾಯಿದೆಯಿಂದ ನಿನ್ನೆಯ ನಡತೆಯನ್ನು ಅಳೆಯಲಾಗದು. ಹಾಗೆ ಅಳೆಯತೊಡಗಿದರೆ ಯಾವ ವ್ಯವಹಾರವೂ ನಿಶ್ಚಿತವಾಗಿ ಮುಗಿಯುವುದಿಲ್ಲ. ಹೊಸ ನಿಯಮವೆಂಬುದು ಹಳೆಯ ಕೃತ್ಯಕ್ಕೆ ಕೊಟ್ಟ ಶಿಕ್ಷೆಯಲ್ಲ. ಅನೇಕ ವೇಳೆ ಅದು ನಿಯಮಕಾರನು ತನ್ನ ಅರಿವಿನ ಎಲ್ಲೆಯನ್ನು ಒಪ್ಪಿಕೊಂಡ ಗುರುತು. ಹಾಗಿದ್ದರೂ ಒಂದು ಶಂಕೆ ಉಳಿಯುತ್ತದೆ. ಕಾರ್ಪೆಟ್ಟು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲ ತಂಡಗಳೂ ಆಡಬೇಕಾದ ನೆಲ. ಸಾಮಾನ್ಯರ ಸೊತ್ತನ್ನು ತನ್ನ ಬಲಕ್ಕೆ ಆಧಾರವಾಗಿ ಬಳಸಿಕೊಳ್ಳುವವನು ಅದಕ್ಕೆ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕಾಗುತ್ತದೆ. ಆ ನಡೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು. ಅದು ಎದುರಾಳಿಗಳನ್ನು ಬೆಚ್ಚಿಬೀಳಿಸಿತೆಂಬುದಲ್ಲ.

ಎರಡನೆಯ ದೃಷ್ಟಾಂತ 2010ರದು, ಹೆಚ್ಚು ಸ್ವಚ್ಛವಾದುದು. ಆ ವರ್ಷ ಕಾಲ್ಚೆಂಡಿನ ಆಟ. ಮೂರು ತಂಡಗಳ ಕೂಟಕ್ಕೆ ಎದುರಾಗಿ ಮೂರು ತಂಡಗಳ ಕೂಟ, ಅಂಕಣದಲ್ಲಿ 12 ಚೆಂಡುಗಳು. ಅಡ್ಡಲಾಗಿ ಎರಡು ದಿಬ್ಬಗಳು, ಪ್ರತಿ ದಿಬ್ಬದ ನಡುವೆ ಯಂತ್ರ ನುಸುಳಬಹುದಾದ ಒಂದು ಸುರಂಗ. ಗೋಲಿನೊಳಗೆ ಬಿದ್ದ ಚೆಂಡನ್ನು ಅಂಕಣದ ಹೊರಗಿರುವ ಆಟಗಾರರು ಬೇಗನೆ ಹಿಂದಿರುಗಿಸಲೇಬೇಕು. ತಡ ಮಾಡಿದರೆ ದಂಡ. ಹಾಗೆ ಹಿಂದಿರುಗಿಸಿದ ಚೆಂಡು ತಲೆಯೆತ್ತರದ ಹಳಿಯೊಂದರ ಮೇಲೆ ಉರುಳುತ್ತ ಬಂದು ಅಂಕಣದ ಮಧ್ಯಭಾಗದಲ್ಲಿ ಬೀಳುತ್ತಿತ್ತು. ಚೆಂಡು ಬಿದ್ದ ಮೇಲೆ ಏನು ಮಾಡಬೇಕೆಂದು ಎಲ್ಲರೂ ಯೋಚಿಸಿದರು: ಬೆನ್ನಟ್ಟಬೇಕು, ಹಿಡಿಯಬೇಕು, ಒದೆಯಬೇಕು. ಮಿಶಿಗನ್ ರಾಜ್ಯದ 469ನೆಯ ತಂಡ ಮಾತ್ರ ಚೆಂಡು ಬೀಳುವ ಮೊದಲಿನ ಕ್ಷಣವನ್ನು ಕುರಿತು ಯೋಚಿಸಿತು. ಅದರ ಯಂತ್ರ ಸುರಂಗವನ್ನು ಹೊಕ್ಕು, ಅಲ್ಲಿಯೇ ನೆಲೆಯಾಗಿ ನಿಂತು, ಹಳಿಯಿಂದ ಉರುಳಿಬರುವ ಚೆಂಡಿಗೆ ಜಾರುದಾರಿಯೊಂದನ್ನು ಒಡ್ಡಿತು. ಚೆಂಡು ನೆಲ ಮುಟ್ಟುವ ಮೊದಲೇ ದಿಕ್ಕು ತಿರುಗಿ ಗೋಲಿನ ಕಡೆಗೆ ಹೊರಟಿತು. ಗೋಲಿಗೆ ಬಿದ್ದ ಚೆಂಡನ್ನು ನಿಯಮದಂತೆ ಹಿಂದಿರುಗಿಸಲೇಬೇಕಾದುದರಿಂದ ಅದು ಮತ್ತೆ ಅದೇ ಹಳಿಗೆ ಬಂದು, ಅದೇ ಜಾರುದಾರಿಗೆ ಇಳಿದು, ಅದೇ ಗೋಲಿನತ್ತ ಸಾಗಿತು. ಉಳಿದವರು ಅಂಕಣದ ತುಂಬ ಓಡಾಡುತ್ತಿದ್ದಾಗ ಇದೊಂದು ಯಂತ್ರ ನಿಂತಲ್ಲಿಯೇ ನಿಂತು ಅಂಕ ಗಳಿಸುತ್ತಿತ್ತು. ಮೂಲಧನವನ್ನು ಕೂಡಿಸದೆ ಬಡ್ಡಿಯ ಚಕ್ರವನ್ನು ತಿರುಗಿಸಿದಂತೆ ಎಂದರೆ ವ್ಯಾಪಾರಿ ಓದುಗರಿಗೆ ಅರ್ಥವಾದೀತು.

ಆ ತಂಡದ ಯಂತ್ರ ಪ್ರಾದೇಶಿಕ ಸ್ಪರ್ಧೆಗಳಿಗೆ ಇಳಿದೊಡನೆ ಅದರ ಗುಟ್ಟು ರಟ್ಟಾಯಿತು. ಚಿತ್ರಗಳು, ದೃಶ್ಯಗಳು ಎಲ್ಲೆಡೆ ಹರಡಿದವು. ಅಲ್ಲದೆ ಈ ಸ್ಪರ್ಧೆಗಳಲ್ಲಿ ಯಂತ್ರಗಳನ್ನು ದುರಸ್ತಿ ಮಾಡುವ ಅಂಗಳ ಎಲ್ಲರಿಗೂ ತೆರೆದಿರುತ್ತದೆ. ಎದುರಾಳಿ ತಂಡದ ಮಕ್ಕಳು ಪುಸ್ತಕ ಹಿಡಿದು ಬಂದು ನೋಡಿ, ಕೇಳಿ, ಬರೆದುಕೊಂಡು ಹೋಗುತ್ತಾರೆ. ಆಡುವ ಮೊದಲು ಪ್ರತಿ ಯಂತ್ರವೂ ಪರೀಕ್ಷಕರ ಮುಂದೆ ನಿಲ್ಲಲೇಬೇಕು. ಆದುದರಿಂದ ಏಪ್ರಿಲ್‌ನಲ್ಲಿ ಅಟ್ಲಾಂಟಾದ ಅಂತಿಮ ಸ್ಪರ್ಧೆ ನಡೆಯುವ ವೇಳೆಗೆ ಅಲ್ಲಿಗೆ ಬಂದವರಿಗೆ 469ರ ನಡೆ ಹೊಸ ಸುದ್ದಿಯಾಗಿರಲಿಲ್ಲ. ಆದರೂ ಆ ಯಂತ್ರ ಅಂತಿಮ ಪಂದ್ಯದವರೆಗೆ ಏರಿತು.

ಇಲ್ಲಿ ನಮಗೆ ಒಂದು ಒರೆಗಲ್ಲು ದೊರೆಯುತ್ತದೆ. ಕಪಟವು ಮುಚ್ಚಿಟ್ಟಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ತೂಕದ ಕಲ್ಲಿನ ಅಡಿಯಲ್ಲಿ ಅಂಟಿಸಿದ ಅರಗು ಗಿರಾಕಿಯ ಕಣ್ಣಿಗೆ ಬಿದ್ದ ಕ್ಷಣವೇ ಅದರಿಂದಾಗುವ ಲಾಭ ಸತ್ತಿತು. ನಿಜವಾದ ಜಾಣ್ಮೆ ಹಾಗಲ್ಲ. ಎಲ್ಲರಿಗೂ ತಿಳಿದ ಮೇಲೆಯೂ ಅದು ಫಲ ಕೊಡುತ್ತಲೇ ಇರುತ್ತದೆ. ಏಕೆಂದರೆ ಅದರ ಆಧಾರ ಎದುರಾಳಿಯ ಅಜ್ಞಾನವಲ್ಲ, ವಸ್ತುಸ್ಥಿತಿಯನ್ನು ಆಡುವವನು ಸರಿಯಾಗಿ ಓದಿಕೊಂಡಿರುವುದು. ನೋಡುವವರಿಗೆ ಆಗುವ ಬೆರಗು ಒಂದು ಉಪಫಲ ಮಾತ್ರ. ಅಟ್ಲಾಂಟಾದಲ್ಲಿ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. 469ನ್ನು ಒಳಗೊಂಡ ಕೂಟ ಕೊನೆಯ ಪಂದ್ಯದಲ್ಲಿ ಸೋತಿತು. 67, 177 ಮತ್ತು 294ನೆಯ ಸಂಖ್ಯೆಯ ತಂಡಗಳ ಕೂಟ ಪ್ರಶಸ್ತಿ ಗಳಿಸಿತು. ಬಹಿರಂಗವಾದ ಜಾಣ್ಮೆಗೆ ಬಹಿರಂಗವಾದ ಉತ್ತರ ಸಾಧ್ಯವಿತ್ತು.

ಬೆರಗು ಎಂಬುದು ನಡೆಯ ಗುಣವೋ, ನೋಡುವವನ ಗುಣವೋ ಎಂಬುದಕ್ಕೆ 2004ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ನಡೆದ, ನೀರೊಳಗಿನ ರೋಬಾಟುಗಳ ಬೇರೊಂದು ಸ್ಪರ್ಧೆಯನ್ನು ನೆನೆಯಬಹುದು. ಆರಿಜೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಪ್ರೌಢಶಾಲೆಯ ನಾಲ್ವರು ಹುಡುಗರು, ವಲಸೆ ಬಂದ ಬಡ ಮನೆಗಳ ಮಕ್ಕಳು, ಪಿ.ವಿ.ಸಿ. ಕೊಳವೆಗಳನ್ನು ಅಂಟಿಸಿ ಕಟ್ಟಿದ ಯಂತ್ರದೊಡನೆ ಬಂದಿದ್ದರು. ಶಾಲೆಗಳ ವರ್ಗದಲ್ಲಿ ಸೋಲುವುದಕ್ಕಿಂತ ಕಾಲೇಜುಗಳ ವರ್ಗದಲ್ಲಿ ಸೋತರೆ ಅವಮಾನ ಕಡಮೆ ಎಂದು ಎಣಿಸಿ ಮೇಲಿನ ವರ್ಗಕ್ಕೇ ಹೆಸರು ಕೊಟ್ಟಿದ್ದರು. ಯಂತ್ರದ ಪೆಟ್ಟಿಗೆಯೊಳಗೆ ನೀರು ಸೋರಿದಾಗ, ಸ್ತ್ರೀಯರು ಮುಟ್ಟಿನ ದಿನಗಳಲ್ಲಿ ಬಳಸುವ ಹೀರುಬತ್ತಿಗಳನ್ನು ಅಂಗಡಿಯಿಂದ ತಂದು ಒಳಗೆ ಇಟ್ಟು ತಂತಿಗಳನ್ನು ರಕ್ಷಿಸಿಕೊಂಡರು. ಕೊನೆಗೆ ಎಂ.ಐ.ಟಿ.ಯ ತಂಡವನ್ನು ಹಿಂದೆ ಹಾಕಿ ಮೊದಲ ಸ್ಥಾನ ಪಡೆದರು. ಎಲ್ಲರೂ ಬೆರಗಾದರು. ಆದರೆ ಆ ಹುಡುಗರು ಏನನ್ನೂ ಮುಚ್ಚಿಟ್ಟಿರಲಿಲ್ಲ. ತೀರ್ಪುಗಾರರು ಕೇಳಿದ ತಾಂತ್ರಿಕ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದ್ದರು. ಬೆರಗಿನ ಮೂಲವಿದ್ದುದು ಆ ಹುಡುಗರನ್ನು ನೋಡುವ ಮೊದಲೇ ಜನರ ಮನಸ್ಸಿನಲ್ಲಿ ಬರೆದಿಟ್ಟಿದ್ದ ಕಡಮೆ ಬೆಲೆಯ ಚೀಟಿಯಲ್ಲಿ.

ಇಷ್ಟಕ್ಕೆ ವಿಚಾರ ಮುಗಿದಿದ್ದರೆ ಸುಖವಾಗಿತ್ತು. ಬಹಿರಂಗವಾಗಿದ್ದರೆ ನ್ಯಾಯ, ಗುಪ್ತವಾಗಿದ್ದರೆ ಅನ್ಯಾಯ ಎಂದು ಹೇಳಿಬಿಡಬಹುದಿತ್ತು. ಆದರೆ ಅದೇ 2010ರ ಕಾಲ್ಚೆಂಡಿನ ಆಟ ಈ ಒರೆಗಲ್ಲನ್ನು ಕೆಣಕುವ ಇನ್ನೊಂದು ನಡೆಯನ್ನೂ ಕಂಡಿತು.

ಆ ವರ್ಷ ತಂಡಗಳ ಶ್ರೇಯಾಂಕವನ್ನು ಗೆಲುವು ಸೋಲುಗಳಿಂದ ಎಣಿಸುತ್ತಿರಲಿಲ್ಲ. ಗೆದ್ದ ಕೂಟದವರಿಗೆ ತಮ್ಮ ಅಂಕ, ಜೊತೆಗೆ ಸೋತವರ ಅಂಕದ ಎರಡರಷ್ಟು. ಸೋತ ಕೂಟದವರಿಗೆ ಗೆದ್ದವರ ಅಂಕ. ಎದುರಾಳಿಯನ್ನು ನೆಲಕ್ಕೆ ತುಳಿಯದೆ ಒಳ್ಳೆಯ ಆಟವನ್ನು ಬೆಳೆಸಲಿ ಎಂಬ ಸದುದ್ದೇಶದಿಂದಲೇ ಹೀಗೆ ಮಾಡಿದ್ದರು. ಲೆಕ್ಕ ಬಲ್ಲವರಿಗೆ ಇದರೊಳಗಿನ ಸೂಕ್ಷ್ಮ ಬೇಗ ಹೊಳೆಯಿತು. ಸೋಲುವುದು ಖಚಿತವೆಂದು ಕಂಡ ಕೂಟಕ್ಕೆ ತನ್ನ ಅಂಕ ಏನೂ ಉಪಯೋಗಕ್ಕೆ ಬರುವುದಿಲ್ಲ. ಎದುರಾಳಿಯ ಅಂಕ ಬೆಳೆದಷ್ಟೂ ತನಗೆ ಲಾಭ. ಹಾಗಾದರೆ ತಾನೂ ಎದುರಾಳಿಯ ಗೋಲಿಗೇ ಚೆಂಡು ಹಾಕಿದರೇನು? ಕೆಲವು ಪಂದ್ಯಗಳಲ್ಲಿ ಎರಡೂ ಕೂಟದವರು ಮೊದಲೇ ಮಾತಾಡಿಕೊಂಡು ಆರು ಯಂತ್ರಗಳೂ ಒಂದೇ ಕಡೆಯ ಗೋಲಿಗೆ ಚೆಂಡು ಹಾಕುವಂತಾಯಿತು. ಒಂದು ಕಡೆ ಆರು, ಇನ್ನೊಂದು ಕಡೆ ಸೊನ್ನೆ.

ಇಲ್ಲಿ ಮುಚ್ಚುಮರೆಯಿಲ್ಲ, ನಿಯಮಭಂಗವಿಲ್ಲ, ಎದುರಾಳಿಗೆ ನಷ್ಟವೂ ಇಲ್ಲ, ಅವನೇ ಪಾಲುದಾರ. ಹಾಗಾದರೆ ಅನೇಕರ ಮನಸ್ಸಿಗೆ ಇದು ಏಕೆ ಹಿಡಿಸಲಿಲ್ಲ? ‘ನಿಯಮಕಾರರು ಶ್ರೇಯಾಂಕಕ್ಕೆ ಆಡಿರೆಂದರು, ನಾವು ಶ್ರೇಯಾಂಕಕ್ಕೆ ಆಡಿದೆವು’ ಎಂಬ ಸಮರ್ಥನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ತಪ್ಪಿನ ದೊಡ್ಡ ಪಾಲು ಸೂತ್ರದ್ದೇ, ಮಕ್ಕಳದಲ್ಲ. ಋತುವಿನ ನಡುವೆಯೇ ಗೆದ್ದವರಿಗೆ ಹೆಚ್ಚುವರಿ ಅಂಕವನ್ನು ಸೇರಿಸಿ ಸೂತ್ರವನ್ನು ತಿದ್ದಲಾಯಿತು.

ಆದರೂ ಮಂಡಿಯ ಹರಾಜನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಲ್ಲ. ಖರೀದಿದಾರರೆಲ್ಲ ಮೊದಲೇ ಕೂಡಿ ಮಾತಾಡಿಕೊಂಡು ಒಬ್ಬನನ್ನು ಮುಂದೆ ಬಿಟ್ಟು ಉಳಿದವರು ಸುಮ್ಮನಿದ್ದರೆ, ಹರಾಜಿನ ಕಟ್ಟೆಯ ಮೇಲೆ ಯಾರೂ ಯಾರಿಗೂ ಮೋಸ ಮಾಡಿದಂತೆ ಕಾಣುವುದಿಲ್ಲ. ಕೂಗಿದವನೂ ಸಂತುಷ್ಟ, ಕೂಗದವನೂ ಸಂತುಷ್ಟ. ಮೋಸ ಹೋದವನು ಒಪ್ಪಂದ ನಡೆದ ಕೋಣೆಯಲ್ಲಿ ಇರಲೇ ಇಲ್ಲ. ಅವನು ಮಾಲು ತಂದು ಗಾಡಿಯ ಪಕ್ಕದಲ್ಲಿ ಕುಳಿತಿರುವ ರೈತ. ಆರು ಸೊನ್ನೆಯ ಪಂದ್ಯದಲ್ಲಿಯೂ ಅಂತಹವನಿದ್ದ. ಆ ಪಂದ್ಯವನ್ನು ಆಡದ, ಆದರೆ ಅದೇ ಶ್ರೇಯಾಂಕಪಟ್ಟಿಯಲ್ಲಿ ಸ್ಥಾನಕ್ಕಾಗಿ ದುಡಿಯುತ್ತಿದ್ದ ಉಳಿದ ತಂಡಗಳೆಲ್ಲ ಅವನೇ. ಕೂಟದೊಳಗೇ ಇನ್ನೊಬ್ಬನಿದ್ದಿರಬಹುದು: ಮೂರು ತಂಡಗಳಲ್ಲಿ ಎರಡು ಒಪ್ಪಿದ ಮೇಲೆ ಬಾಯಿ ಕಟ್ಟಿಸಿಕೊಂಡ ಮೂರನೆಯದು, ತಮ್ಮ ಯಂತ್ರ ತಮ್ಮ ಗೋಲಿಗೆ ಒಂದೇ ಒಂದು ಚೆಂಡು ಹಾಕುವುದನ್ನು ನೋಡಲು ತಂದೆತಾಯಿಗಳನ್ನು ಕರೆತಂದ ಹೊಸ ತಂಡ.

ಆದಕಾರಣ ಬಹಿರಂಗವಾಗಿದ್ದರೆ ಸಾಲದು. ಯಾರ ಮುಂದೆ ಬಹಿರಂಗ, ಯಾರ ಒಪ್ಪಿಗೆಯಿಂದ, ಯಾರ ಲೆಕ್ಕದಲ್ಲಿ ಖರ್ಚು ಬೀಳುತ್ತದೆ ಎಂಬುದನ್ನೂ ನೋಡಬೇಕು. 71ನೆಯ ತಂಡದ ಉಕ್ಕಿನ ಪಾದಗಳ ವಿಷಯದಲ್ಲಿ ಉಳಿದ ಶಂಕೆಯೂ ಇದೇ ಜಾತಿಯದು. ಅಲ್ಲಿ ಮೂರನೆಯವನ ಸ್ಥಾನದಲ್ಲಿ ನೆಲಹಾಸು ಇತ್ತು. 469ರ ಜಾರುದಾರಿಯಲ್ಲಿ ಅಂತಹ ಮೂರನೆಯವನು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಆ ಸಂಸ್ಥೆಯವರು ಎದುರಾಳಿಗಳ ಸಹಕಾರವೆಂಬ ಆಶಯವನ್ನು ಮಾತ್ರ ಬಿಡಲಿಲ್ಲ. 2012ರ ಆಟದಲ್ಲಿ ಅಂಕಣದ ನಡುವೆ ತೂಗುವ ಸೇತುವೆಯೊಂದನ್ನು ಇಟ್ಟು, ಎರಡೂ ಕೂಟಗಳ ಒಂದೊಂದು ಯಂತ್ರ ಅದರ ಮೇಲೇರಿ ಸಮತೋಲನದಲ್ಲಿ ನಿಂತರೆ ಇಬ್ಬರಿಗೂ ಗೆಲುವಿನಷ್ಟೇ ಶ್ರೇಯಾಂಕವನ್ನು ಗೊತ್ತುಮಾಡಿದರು. ಈ ಬಾರಿ ಸಹಕಾರ ನಿಯಮದ ಬಾಗಿಲಿನಿಂದಲೇ ಒಳಗೆ ಬಂದಿತು. ಎಲ್ಲರಿಗೂ ಅವಕಾಶ ಒಂದೇ. ಸಹಕರಿಸುತ್ತಲೇ ಪೂರ್ಣಬಲದಿಂದ ಆಡಲೂ ಅಡ್ಡಿಯಿರಲಿಲ್ಲ.

ಇನ್ನು ಮೌನದ ಪ್ರಶ್ನೆ ಉಳಿಯಿತು. ರೋಮಿನ ಸಿಸಿರೋ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಧಾನ್ಯವ್ಯಾಪಾರಿಯೊಬ್ಬನ ಪ್ರಸಂಗವಿದೆ. ಕ್ಷಾಮಪೀಡಿತವಾದ ರೋಡ್ಸ್ ದ್ವೀಪಕ್ಕೆ ಧಾನ್ಯ ತುಂಬಿಕೊಂಡು ಮೊದಲು ಬಂದ ಅವನಿಗೆ ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದು ಗೊತ್ತು. ಹೇಳಿದರೆ ಬೆಲೆ ಇಳಿಯುತ್ತದೆ. ಹೇಳದಿರುವುದು ಮೋಸವಲ್ಲ ಎಂದು ಒಬ್ಬ ತತ್ತ್ವಜ್ಞ, ಹೇಳಲೇಬೇಕು ಎಂದು ಅವನ ಶಿಷ್ಯ. ಸಿಸಿರೋ ಶಿಷ್ಯನ ಕಡೆಗೆ ನಿಂತ. ಹಸಿದವರ ಮುಂದೆ ನಿಂತ ವ್ಯಾಪಾರಿಯ ವಿಷಯದಲ್ಲಿ ಆ ತೀರ್ಪು ಸರಿಯಾದುದೇ. ಆದರೆ ಸ್ಪರ್ಧೆಯಲ್ಲಿ ಇರುವವರು ಗಿರಾಕಿಗಳಲ್ಲ. ಜನವರಿಯಿಂದ ಮಾರ್ಚಿಯವರೆಗೆ ಒಬ್ಬರಿಗೊಬ್ಬರು ಹೇಳದೆ ಕಟ್ಟಬಹುದೆಂಬ ತಿಳಿವಳಿಕೆಯೊಡನೆಯೇ ಎಲ್ಲರೂ ಸೇರಿದವರು. ಅಲ್ಲಿ ಮೌನಕ್ಕೆ ದೋಷವಿಲ್ಲ. ಕೇಳಿದಾಗ ಸುಳ್ಳು ಹೇಳಿದರೆ ದೋಷ. ಇತ್ತೀಚಿನ ವರ್ಷಗಳಲ್ಲಿ ಕೆಲವು ತಂಡಗಳು ತಮ್ಮ ನಕ್ಷೆಗಳನ್ನೂ ಸೋಲುಗಳನ್ನೂ ಕಟ್ಟುವ ಕಾಲದಲ್ಲಿಯೇ ಎಲ್ಲರ ಮುಂದಿಡುವ ಪದ್ಧತಿಯನ್ನು ಸ್ವಂತ ಇಚ್ಛೆಯಿಂದ ಬೆಳೆಸಿಕೊಂಡಿವೆ. ಅದು ಮೆಚ್ಚತಕ್ಕದ್ದು, ಕಡ್ಡಾಯವಲ್ಲ.

ಕಷ್ಟವಿರುವುದು ನಿಯಮಕಾರರನ್ನು ಕೇಳುವ ಸಂದರ್ಭದಲ್ಲಿ. ಕೈಪಿಡಿಯ ಅರ್ಥದ ಬಗ್ಗೆ ತಂಡಗಳು ಪ್ರಶ್ನೆ ಕಳುಹಿಸಬಹುದು. ಪ್ರಶ್ನೆಯೂ ಉತ್ತರವೂ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತವೆ. ಅಪೂರ್ವವಾದ ಉಪಾಯವೊಂದು ಹೊಳೆದ ತಂಡ ನೇರವಾಗಿ ಕೇಳಿದರೆ ಉಪಾಯವೇ ಬಯಲಾಗುತ್ತದೆ; ಕೇಳದೆ ಕಟ್ಟಿದರೆ ಪರೀಕ್ಷಕರ ಮುಂದೆ ವಾರಗಟ್ಟಲೆಯ ದುಡಿಮೆ ವ್ಯರ್ಥವಾಗಬಹುದು. ಇವೆರಡರ ನಡುವೆ ಒಂದು ಮೂರನೆಯ ದಾರಿ ಆಸೆ ತೋರಿಸುತ್ತದೆ: ಉದ್ದೇಶವನ್ನು ಮರೆಮಾಡಿ, ನಿಯಮಕಾರರು ಬೇರೇನನ್ನೋ ಊಹಿಸಿಕೊಂಡು ‘ಆಗಬಹುದು’ ಎನ್ನುವಂತೆ ಪ್ರಶ್ನೆಯ ಶಬ್ದಗಳನ್ನು ಹೆಣೆಯುವುದು. ಅಲ್ಲಿ ಎದುರಾಳಿಯ ಊಹೆಯನ್ನು ಮೀರುವ ಜಾಣ್ಮೆ ತೀರ್ಪುಗಾರನ ನಂಬಿಕೆಯನ್ನು ಕದಿಯುವ ಜಾಣ್ಮೆಯಾಗಿ ತಿರುಗುತ್ತದೆ. ಹೊರಗಿನಿಂದ ನೋಡುವವರಿಗೆ ಎರಡರ ವ್ಯತ್ಯಾಸ ತಿಳಿಯುವುದೂ ಇಲ್ಲ. ನಿರ್ದಿಷ್ಟ ಯಂತ್ರದ ವಿನ್ಯಾಸಕ್ಕೆ ಈ ಪ್ರಶ್ನೋತ್ತರದಲ್ಲಿ ಮುಂಗಡ ಸಮ್ಮತಿ ಕೊಡುವುದಿಲ್ಲವೆಂದು ಕೈಪಿಡಿಯೇ ಹೇಳುತ್ತದೆ. ಹಾಗಾಗಿ ಆ ನಿರ್ಣಯ ಜನವರಿಯ ಚಳಿಯಲ್ಲಿ, ಶಾಲೆಯ ಕಾರ್ಯಾಗಾರದಲ್ಲಿ, ಕೈಪಿಡಿಯನ್ನು ತೆರೆದಿಟ್ಟುಕೊಂಡು ಕುಳಿತ ಹದಿನಾರು ಹದಿನೇಳು ವರ್ಷದ ಮಕ್ಕಳ ಪಾಲಿಗೇ ಬರುತ್ತದೆ.